ಪ್ಲೇಟಿನ ಉಂಗುರ ಅಳೆದ ಮೇಲೆ: ಮೈಕ್ರೋಬಯಾಲಜಿ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ



ನಮ್ಮ ರಾಜ್ಯದ ಕಾಲೇಜುಗಳಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಎಂ.ಫಾರ್ಮ್ ಓದುತ್ತ, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ನಿಮಗೆಲ್ಲ ಈ ಪತ್ರ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದವಳು. ವೈವಾ ಪರೀಕ್ಷಕಳಾಗಿ ನಿಮ್ಮ ಸೀನಿಯರ್‌ಗಳ ವರದಿಗಳನ್ನು ಓದುತ್ತ ಬಂದವಳು. ಈ ಸಲ ನಿಮ್ಮಲ್ಲಿ ಒಂದಷ್ಟು ಜನರಾದರೂ ಬೆಳ್ಳಿ ಕಣಗಳ ದಾರಿ ಬಿಟ್ಟು, ಕಿಣ್ವ ತುಂಬಿದ ನ್ಯಾನೋ ವಾಹಕಗಳ ಕಡೆ ಬನ್ನಿ. ಬಂದವರು ಅದನ್ನು ಕಠಿಣವಾಗಿ ಪರೀಕ್ಷೆಗೆ ಒಡ್ಡಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಳ್ಳಿಯ ಪ್ರಾಜೆಕ್ಟು ನಿಮಗೆ ಗೊತ್ತೇ ಇದೆ. ಬೇವು, ತುಳಸಿ, ನುಗ್ಗೆ, ಸೀಬೆ, ಯಾವುದೋ ಒಂದು ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಸೇರಿಸುತ್ತೀರಿ. ತಿಳಿಹಳದಿ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಪೆಕ್ಟ್ರೋಫೋಟೋಮೀಟರು 420 ನ್ಯಾನೋಮೀಟರಿನ ಆಸುಪಾಸಿನಲ್ಲಿ ಒಂದು ದಿಬ್ಬ ತೋರಿಸುತ್ತದೆ. ಅಗರ್ ಪ್ಲೇಟಿನಲ್ಲಿ ಗುಂಡಿ ಕೊರೆದು ಅದರಲ್ಲಿ ಹಾಕಿಟ್ಟರೆ ಮಾರನೆಯ ದಿನ ಸುತ್ತಲೂ ತಿಳಿಯಾದ ಉಂಗುರ. ಸ್ಕೇಲು ಇಟ್ಟು ಮಿಲಿಮೀಟರ್ ಬರೆದುಕೊಂಡರೆ ಫಲಿತಾಂಶದ ಅಧ್ಯಾಯ ಸಿದ್ಧ. ಈ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಲಕರಣೆ ಕಡಿಮೆ ಇರುವ ಕಾಲೇಜಿನಲ್ಲಿ ಕೈ ಪಳಗುವುದಕ್ಕೆ ಅದು ಒಳ್ಳೆಯ ಅಭ್ಯಾಸ. ಆದರೆ ಆ ಉಂಗುರ ಹೇಳುವುದು ಬೆಳ್ಳಿ ಅಗರ್‌ನಲ್ಲಿ ಹರಡಿತು, ಅಷ್ಟು ಜಾಗದಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಎಂಬುದನ್ನು ಮಾತ್ರ. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬುದು ಎಲೆ ಬದಲಾಯಿಸಿದ ಮಾತ್ರಕ್ಕೆ ಹೊಸ ಸಂಗತಿಯಾಗುವುದಿಲ್ಲ. ಕೊಲ್ಲುವ ಪ್ರಮಾಣದ ಬೆಳ್ಳಿ ನಮ್ಮ ಜೀವಕೋಶಗಳಿಗೂ ಒಳ್ಳೆಯದಲ್ಲ.

ಆಸ್ಪತ್ರೆಯ ಲ್ಯಾಬಿನಲ್ಲಿ ನೋಡುವ ಪ್ಲೇಟು ಬೇರೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಿಂದ ತೆಗೆದ ಕೀವು, ಐಸಿಯುನಿಂದ ಬಂದ ಕಫ, ವಾರಗಟ್ಟಲೆ ಒಳಗಿದ್ದ ಮೂತ್ರದ ನಳಿಕೆಯ ತುದಿ. ಅದರಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಮುಲ್ಲರ್ ಹಿಂಟನ್ ಅಗರ್ ಮೇಲೆ ಸವರಿ ಆಂಟಿಬಯೋಟಿಕ್ ಬಿಲ್ಲೆಗಳನ್ನು ಇಟ್ಟಿರುತ್ತೇವೆ. ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡಿದರೆ, ಬಿಲ್ಲೆಯ ಅಂಚಿಗೆ ತಾಗುವವರೆಗೂ ಬೂದುಬಣ್ಣದ ಬೆಳೆ. ಒಂದೇ ಒಂದು ಉಂಗುರವಿಲ್ಲ. ರಿಪೋರ್ಟಿನ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ‘ಆರ್’, ‘ಆರ್’, ‘ಆರ್’ (ರೆಸಿಸ್ಟೆಂಟ್, ಅಂದರೆ ಔಷಧಕ್ಕೆ ಬಗ್ಗದ್ದು) ಎಂದು ಬರೆಯುತ್ತ ಹೋಗಬೇಕು. ಕೊನೆಗೆ ಕೊಲಿಸ್ಟಿನ್ ಉಳಿಯುತ್ತದೆ. ಅದು ಕಿಡ್ನಿಗೆ ಪೆಟ್ಟು ಕೊಡುವ ಔಷಧ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ, 2021ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸತ್ತವರು 11.4 ಲಕ್ಷ ಜನ. ಇಂಥ ಸೋಂಕು ಇದ್ದು ಸತ್ತವರನ್ನೆಲ್ಲ ಸೇರಿಸಿದರೆ 47.1 ಲಕ್ಷ. ನಿಮ್ಮ ಪ್ರಾಜೆಕ್ಟು ಈ ರೋಗಿಗಳ ಕಡೆಗೆ ಒಂದು ಹೆಜ್ಜೆಯಾದರೂ ಇಡಲಿ ಎಂಬುದು ನನ್ನ ಆಸೆ.

ಇನ್ನು ಕಿಣ್ವದ ಮಾತಿಗೆ ಬರುತ್ತೇನೆ. ಪೆನಿಸಿಲಿನ್ ಕಾಣುವ ಏಳು ವರ್ಷ ಮೊದಲು, 1921ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ಮೂಗಿನ ಸಿಂಬಳದಲ್ಲಿ ಬ್ಯಾಕ್ಟೀರಿಯಾವನ್ನು ಕರಗಿಸುವ ವಸ್ತುವೊಂದನ್ನು ಕಂಡರು. ಕಣ್ಣೀರಿನಲ್ಲೂ ಅದು ಇತ್ತು. ಪ್ರಯೋಗಕ್ಕೆ ಕಣ್ಣೀರು ಬೇಕಾದಾಗ ಜೊತೆಯವರ ಕಣ್ಣಿಗೆ ನಿಂಬೆರಸ ಹಿಂಡುತ್ತಿದ್ದರು ಎಂದು ಅವರ ಬಗ್ಗೆ ಹೇಳುತ್ತಾರೆ. ಅದೇ ಲೈಸೋಜೈಮ್. ಕೋಳಿಮೊಟ್ಟೆಯ ಬಿಳಿ ಭಾಗದ ಪ್ರೋಟೀನಿನಲ್ಲಿ ಹತ್ತಿರ ಹತ್ತಿರ 3.5% ಇದೇ ಇದೆ. 129 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಇದು. 1965ರಲ್ಲಿ ಡೇವಿಡ್ ಫಿಲಿಪ್ಸ್ ಅವರ ತಂಡ ಇದರ ಆಕಾರವನ್ನು ಎಕ್ಸ್-ರೇಯಿಂದ ಬಿಡಿಸಿತು. ಕಿಣ್ವವೊಂದರ ರಚನೆಯನ್ನು ಮನುಷ್ಯ ಕಂಡದ್ದು ಅದೇ ಮೊದಲು.

ಬ್ಯಾಕ್ಟೀರಿಯಾದ ಗೋಡೆ ಸಕ್ಕರೆಯ ಸರಪಳಿಗಳನ್ನು ಪೆಪ್ಟೈಡ್ ಕೊಂಡಿಗಳಿಂದ ಹೆಣೆದ ಒಂದು ಬಲೆ. ಒಳಗಿನ ಒತ್ತಡ ವಿಪರೀತ. ಸ್ಟ್ಯಾಫಿಲೊಕಾಕಸ್‌ನಲ್ಲಿ ಅದು ವಾಯುಮಂಡಲದ ಒತ್ತಡದ ಸುಮಾರು ಇಪ್ಪತ್ತು ಪಟ್ಟು. ಬಲೆಯನ್ನು ಕಿಣ್ವ ಒಂದು ಕಡೆ ಕತ್ತರಿಸಿದರೆ ಸಾಕು. ಹರಿದ ಟೈರಿನ ಸಂದಿಯಿಂದ ಸೈಕಲ್ ಟ್ಯೂಬು ಉಬ್ಬಿ ಒಡೆಯುವ ಹಾಗೆ ಒಳಪೊರೆ ಹೊರಗೆ ಚಾಚಿ ಸಿಡಿಯುತ್ತದೆ. ಪೆನಿಸಿಲಿನ್ ಹಾಗಲ್ಲ. ಗೋಡೆ ಕಟ್ಟುವ ಕೆಲಸಕ್ಕೆ ಅದು ಅಡ್ಡಿ ಮಾಡುತ್ತದೆ, ಆದ್ದರಿಂದ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದರೆ ಮಾತ್ರ ಅದರ ಆಟ ನಡೆಯುತ್ತದೆ. ಕಟ್ಟಿ ಮುಗಿದ ಗೋಡೆಯನ್ನೇ ಹೊರಗಿನಿಂದ ಕೊಯ್ಯುವ ಕಿಣ್ವಕ್ಕೆ, ಔಷಧವನ್ನು ಒಳಗಿಂದ ಹೊರದೂಡುವ ಪಂಪುಗಳೂ ಪೆನಿಸಿಲಿನ್ ಒಡೆಯುವ ಬೀಟಾ ಲ್ಯಾಕ್ಟಮೇಸೂ ಅಡ್ಡ ಬರುವುದಿಲ್ಲ. ಎಲ್ಲ ಆಂಟಿಬಯೋಟಿಕ್‌ಗೂ ‘ಆರ್’ ಬರೆಸಿಕೊಂಡ ತಳಿಯೂ ಇದಕ್ಕೆ ಬಗ್ಗಬಹುದು ಎಂಬ ಭರವಸೆಯ ಮೂಲ ಇದು.

ತೊಡಕುಗಳೂ ಇವೆ. ಕೀವಿನಲ್ಲಿ ನಾವು ಹೆಚ್ಚಾಗಿ ಕಾಣುವ ಸ್ಟ್ಯಾಫಿಲೊಕಾಕಸ್ ಆರಿಯಸ್ ತನ್ನ ಗೋಡೆಯ ಸಕ್ಕರೆಗೆ ಅಸಿಟೈಲ್ ಗುಂಪು ಅಂಟಿಸಿಕೊಂಡಿರುವುದರಿಂದ ಲೈಸೋಜೈಮ್‌ಗೆ ಜಗ್ಗುವುದಿಲ್ಲ. ಅದಕ್ಕೆ 1964ರಲ್ಲಿ ಕಂಡುಹಿಡಿದ ಲೈಸೊಸ್ಟಾಫಿನ್ ಬೇಕು. ಗೋಡೆಯ ಸರಪಳಿಗಳನ್ನು ಜೋಡಿಸುವ ಐದು ಗ್ಲೈಸಿನ್‌ಗಳ ಸೇತುವೆಯನ್ನು ಅದು ಕಡಿಯುತ್ತದೆ. ಮೆಥಿಸಿಲಿನ್‌ಗೆ ಬಗ್ಗದ ತಳಿಯಾದ ಎಂಆರ್‌ಎಸ್‌ಎ ಆದರೂ ಬಿಡುವುದಿಲ್ಲ. ಇಲ್ಲೂ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ. ಒಂದು ಜೀನ್ ಕೆಡಿಸಿಕೊಂಡು ಸೇತುವೆಯನ್ನು ಒಂದೇ ಗ್ಲೈಸಿನ್ನಿಗೆ ಇಳಿಸಿಬಿಡುತ್ತದೆ. ಆದರೆ ಹಾಗೆ ಮಾಡಿಕೊಂಡ ಎಂಆರ್‌ಎಸ್‌ಎ ಪೆನಿಸಿಲಿನ್ ಜಾತಿಯ ಹಳೆಯ ಔಷಧಗಳಿಗೆ ಮತ್ತೆ ಸಾಯತೊಡಗುತ್ತದೆ! ಕಿಣ್ವವನ್ನೂ ಹಳೆಯ ಔಷಧವನ್ನೂ ಒಂದೇ ವಾಹಕದಲ್ಲಿ ಹಾಕಿದರೆ ಏನಾಗುತ್ತದೆ ಎಂದು ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಈ ಕೆಲಸ ನಮಗೆ ದೂರದ್ದೂ ಅಲ್ಲ. ಡಾ. ಜೆ. ರಾಮಚಂದ್ರನ್ 2000ದಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಗಂಗಾಜೆನ್ ಕಂಪನಿ ಪಿ128 ಎಂಬ ಜೋಡಣೆ ಪ್ರೋಟೀನನ್ನು ಕಟ್ಟಿತು. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸಿನ ಬಾಲದಲ್ಲಿರುವ ಗೋಡೆ ಕೊಯ್ಯುವ ಭಾಗಕ್ಕೆ, ಗೋಡೆ ಹಿಡಿದು ಕೂರುವ ಲೈಸೊಸ್ಟಾಫಿನ್‌ನ ಭಾಗವನ್ನು ಸೇರಿಸಿ ಮಾಡಿದ್ದು ಅದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಮತ್ತು ದೀಪಶಿಖಾ ಚಕ್ರವರ್ತಿ ಅವರ ತಂಡಗಳು ಸೇರಿ, ಸೀರಿಯಂ ಆಕ್ಸೈಡಿನ ನ್ಯಾನೋ ಕಣಗಳು ತಾವೇ ಫಾಸ್ಫೋಲಿಪೇಸ್ ಕಿಣ್ವದ ಹಾಗೆ ನಡೆದುಕೊಂಡು ಬ್ಯಾಕ್ಟೀರಿಯಾದ ಪೊರೆ ಕೆಡಿಸುವುದನ್ನು ತೋರಿಸಿವೆ.

ಕಿಣ್ವ ಇಷ್ಟು ಚೆನ್ನಾಗಿದ್ದರೆ ವಾಹಕ ಯಾಕೆ? ಬೆತ್ತಲೆ ಕಿಣ್ವ ಮೈಯೊಳಗೆ ಬಹಳ ಹೊತ್ತು ಬಾಳುವುದಿಲ್ಲ. ಪ್ರೋಟೀನ್ ಕತ್ತರಿಸುವ ನಮ್ಮದೇ ಕಿಣ್ವಗಳು ಅದನ್ನು ಚೂರು ಮಾಡುತ್ತವೆ, ಚಿಕ್ಕದಾದರೆ ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, ಎರಡನೇ ಸಲ ಕೊಟ್ಟಾಗ ಪ್ರತಿಕಾಯಗಳು ಕಾದಿರುತ್ತವೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳಿಗೆ ಗೋಡೆಯ ಹೊರಗೆ ಇನ್ನೊಂದು ಪೊರೆ ಇದೆ; ಕಿಣ್ವ ಅಲ್ಲೇ ನಿಂತುಬಿಡುತ್ತದೆ. ದಕ್ಷಿಣ ಕೊರಿಯಾದ ಸಂಶೋಧಕರು 2019ರಲ್ಲಿ ಧನ ವಿದ್ಯುದಂಶದ ಲಿಪೊಸೋಮ್‌ಗಳಲ್ಲಿ (ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ) ಎಂಡೊಲೈಸಿನ್ ಎಂಬ ಗೋಡೆ ಕೊಯ್ಯುವ ಕಿಣ್ವ ತುಂಬಿ, ಸಾಲ್ಮೊನೆಲ್ಲಾ ಮತ್ತು ಇ. ಕೋಲೈಗಳ ಆ ಹೊರಪೊರೆ ದಾಟಿಸಿದ ವರದಿ ಇದೆ. ಸ್ಟ್ಯಾಫಿಲೊಕಾಕಸ್ ತಾನೇ ಹೈಯಲುರೊನಿಡೇಸ್ ಎಂಬ ಕಿಣ್ವ ಸುರಿಸುತ್ತದೆ. ಹಾಗಾಗಿ ಹೈಯಲುರೊನಿಕ್ ಆಮ್ಲದ ಹೊದಿಕೆಯಿರುವ ಕಣ ಮಾಡಿದರೆ, ಬ್ಯಾಕ್ಟೀರಿಯಾವೇ ಬಂದು ಹೊದಿಕೆ ಬಿಚ್ಚಿ ಒಳಗಿನದನ್ನು ಹೊರಬಿಡುತ್ತದೆ. ಓದುವಾಗ ಮನಸ್ಸಿಗೆ ತುಂಬ ಹಿಡಿಸುವ ಉಪಾಯ. ನಮ್ಮ ಮೈಯಲ್ಲೂ ಹೈಯಲುರೊನಿಡೇಸ್ ಇದೆ ಎಂಬುದನ್ನು ಮರೆಯದೆ ಓದಿ.

ಕಿಣ್ವ, ವಾಹಕ ಎರಡರಲ್ಲಿ ಯಾವುದೂ ಬರೀ ಕನಸಲ್ಲ. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳು ಶ್ವಾಸಕೋಶದ ಕಫ ತೆಳುವಾಗಲೆಂದು ಉಸಿರಾಡುವ ಡಾರ್ನೇಸ್ ಆಲ್ಫಾ ಒಂದು ಕಿಣ್ವ. ಅಮೆರಿಕದಲ್ಲಿ 1993ರಿಂದ ಬಳಕೆಯಲ್ಲಿದೆ. ಅಮಿಕಾಸಿನ್ ಎಂಬ ಹಳೆಯ ಆಂಟಿಬಯೋಟಿಕ್ಕನ್ನು ಲಿಪೊಸೋಮ್‌ನಲ್ಲಿ ತುಂಬಿ ಉಸಿರಿನ ಮೂಲಕ ಕೊಡುವ ಔಷಧಕ್ಕೆ ಅಲ್ಲೇ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಕಿಣ್ವವೂ ರೋಗಿಯವರೆಗೆ ಹೋಗಿದೆ, ಲಿಪೊಸೋಮೂ ಹೋಗಿದೆ. ಎರಡನ್ನೂ ಕೂಡಿಸಿ, ಹಟಮಾರಿ ಬ್ಯಾಕ್ಟೀರಿಯಾದ ಎದುರು ನಿಲ್ಲಿಸುವ ಕೆಲಸ ಬಾಕಿ ಇದೆ.

ನಿಮ್ಮ ಲ್ಯಾಬಿನಲ್ಲಿ ಇದನ್ನು ಎಲ್ಲಿಂದ ಶುರು ಮಾಡುವುದು? ಮೊಟ್ಟೆಯ ಲೈಸೋಜೈಮ್ ಮತ್ತು ಮೈಕ್ರೊಕಾಕಸ್ ಲೈಸೊಡೆಕ್ಟಿಕಸ್ ಸಾಕು. ಫಾಸ್ಫೇಟ್ ಬಫರಿನಲ್ಲಿ ಕದಡಿದ ಬ್ಯಾಕ್ಟೀರಿಯಾ ಹಾಲು ಬೆರೆಸಿದ ನೀರಿನ ಹಾಗೆ ಬೆಳ್ಳಗೆ ಕಾಣುತ್ತದೆ. ಅದನ್ನು ಕ್ಯುವೆಟ್‌ನಲ್ಲಿಟ್ಟು ಕಿಣ್ವದ ಹನಿ ಸೇರಿಸಿ, 450 ನ್ಯಾನೋಮೀಟರಿನಲ್ಲಿ ಓದಿ. ಅಂಕಿ ಕಣ್ಣೆದುರೇ ಇಳಿಯುತ್ತದೆ, ಕೆಲವೇ ನಿಮಿಷದಲ್ಲಿ ದ್ರಾವಣ ತಿಳಿಯಾಗುತ್ತದೆ. ನಿಮಿಷಕ್ಕೆ 0.001 ಇಳಿದರೆ ಒಂದು ಯೂನಿಟ್. ಬೇರೆ ಕಿಣ್ವಗಳ ಮೇಲೆ ಕೆಲಸ ಮಾಡುವವರಿಗೆ ಇಷ್ಟು ಸುಲಭದ ಅಳತೆ ಸಿಗುವುದು ಅಪರೂಪ. ಜೀವ ಇರುವ ಕಿಣ್ವಕ್ಕೂ ಸತ್ತ ಕಿಣ್ವಕ್ಕೂ ವ್ಯತ್ಯಾಸ ಇಲ್ಲಿ ನೇರವಾಗಿ ಕಾಣುತ್ತದೆ.

ವಾಹಕ ಎಂದ ಕೂಡಲೇ ಎಲ್ಲರೂ ಕೈಟೋಸಾನ್ ಹಿಡಿಯುತ್ತೀರಿ. ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಮ್ಯಾಗ್ನೆಟಿಕ್ ಸ್ಟರರ್ ಮೇಲಿಟ್ಟು, ಟ್ರೈಪಾಲಿಫಾಸ್ಫೇಟನ್ನು ಹನಿ ಹನಿಯಾಗಿ ಬಿಟ್ಟರೆ ಕಣಗಳು ತಯಾರು. ಸುಲಭ ಮತ್ತು ಅಗ್ಗ. ಆದರೆ ಲೈಸೋಜೈಮ್‌ಗೆ ಅದು ಹೊಂದುವ ಜೋಡಿಯೇ ಎಂದು ಮೊದಲು ಯೋಚಿಸಿ. ಲೈಸೋಜೈಮ್‌ನ ಐಸೋಎಲೆಕ್ಟ್ರಿಕ್ ಪಾಯಿಂಟ್ ಸುಮಾರು 11. ಅಂದರೆ ಸಾಮಾನ್ಯ ಪಿಎಚ್‌ನಲ್ಲಿ ಅದಕ್ಕೆ ಧನ ವಿದ್ಯುದಂಶ. ಕೈಟೋಸಾನಿಗೂ ಧನವೇ. ಒಂದನ್ನೊಂದು ದೂಡುತ್ತವೆ, ಕಿಣ್ವ ಒಳಗೆ ಕೂರುವುದಿಲ್ಲ. ಅಷ್ಟೇ ಅಲ್ಲ, ಲೈಸೋಜೈಮ್ ಕೈಟೋಸಾನನ್ನೇ ಕಡಿಯಬಲ್ಲದು. ಒಳಗೆ ಕೂತದ್ದು ತನ್ನ ವಾಹನವನ್ನೇ ತಿನ್ನುತ್ತಿರುತ್ತದೆ. ಇದನ್ನು ಗಮನಿಸದೆ ‘ನಿಧಾನ ಬಿಡುಗಡೆ’ ಎಂದು ಬರೆದ ವರದಿಗಳನ್ನು ನಾನು ಓದಿದ್ದೇನೆ. ಋಣ ವಿದ್ಯುದಂಶದ ಆಲ್ಜಿನೇಟ್ ಈ ಕಿಣ್ವವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕೆಲವು ಸಲ ಬಿಡಲೇ ಒಪ್ಪದಷ್ಟು ಬಿಗಿಯಾಗಿ ಹಿಡಿಯುತ್ತದೆ, ಅದನ್ನೂ ಅಳೆಯಬೇಕು.

ಎಷ್ಟು ಕಿಣ್ವ ಒಳಗೆ ಹೋಯಿತು ಎಂಬುದಕ್ಕೆ ನೀವು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರಾವಣದಲ್ಲಿ ಲೌರಿ ಅಥವಾ ಬ್ರಾಡ್‌ಫರ್ಡ್ ವಿಧಾನದಿಂದ ಪ್ರೋಟೀನ್ ಅಳೆದು ಕಳೆಯುತ್ತೀರಿ. ಆ ಲೆಕ್ಕ ಪ್ರೋಟೀನಿನದು. ಪಿಎಲ್‌ಜಿಎ ಎಂಬ ಪಾಲಿಮರಿನ ಕಣ ಮಾಡುವಾಗ ಡೈಕ್ಲೋರೊಮೀಥೇನ್ ತಗುಲಿ, ಸೋನಿಕೇಟರ್‌ನ ಬಿಸಿಗೆ ಸಿಕ್ಕಿ ಕಿಣ್ವ ಕೆಟ್ಟುಹೋಗಿದ್ದರೂ ಲೌರಿಗೆ ಅದು ಅಷ್ಟೇ ನೀಲಿಯಾಗಿ ಕಾಣುತ್ತದೆ. ಹೊರಬಂದ ಪ್ರೋಟೀನು ಎಷ್ಟು ಮೈಕ್ರೋಗ್ರಾಂ ಎಂಬುದರ ಪಕ್ಕದಲ್ಲೇ ಅದು ಎಷ್ಟು ಯೂನಿಟ್ ಕೆಲಸ ಮಾಡಿತು ಎಂದೂ ಬರೆಯಿರಿ. ನಾನು ಪರೀಕ್ಷಕಳಾದರೆ ಮೊದಲು ತಿರುಗಿಸಿ ನೋಡುವ ಪುಟ ಅದೇ.

ನನ್ನ ಎರಡನೇ ಪ್ರಶ್ನೆ ಖಾಲಿ ವಾಹಕದ ಬಗ್ಗೆ. ಕೈಟೋಸಾನಿಗೆ ತಾನೇ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆ. ಅದನ್ನು ಕರಗಿಸಿದ ಅಸಿಟಿಕ್ ಆಮ್ಲಕ್ಕೂ ಇದೆ. ಹೊರಪೊರೆ ಸಡಿಲಿಸಲು ಸೇರಿಸುವ ಇಡಿಟಿಎ ಕೂಡ ಬ್ಯಾಕ್ಟೀರಿಯಾಕ್ಕೆ ತೊಂದರೆ ಕೊಡುತ್ತದೆ. ಕಿಣ್ವವಿಲ್ಲದ ವಾಹಕ, ಕುದಿಸಿ ಕೆಡಿಸಿದ ಕಿಣ್ವ ಹಾಕಿದ ವಾಹಕ, ವಾಹಕವಿಲ್ಲದ ಬರೀ ಕಿಣ್ವ, ವಾಹಕವನ್ನೂ ಬರೀ ಕಿಣ್ವವನ್ನೂ ಸುಮ್ಮನೆ ಬೆರೆಸಿದ ಮಿಶ್ರಣ: ಇವೆಲ್ಲ ಒಂದೇ ದಿನ, ಒಂದೇ ಬ್ಯಾಕ್ಟೀರಿಯಾದ ಮೇಲೆ, ಪಕ್ಕಪಕ್ಕ ಇರಬೇಕು. ತುಂಬಿಸುವ ಇಷ್ಟೆಲ್ಲ ಪಾಡು ಪಟ್ಟದ್ದಕ್ಕೆ ಏನಾದರೂ ಸಿಕ್ಕಿತೇ ಎಂದು ಆ ಕೊನೆಯದು ಹೇಳುತ್ತದೆ. ಹೆಚ್ಚಿನ ವರದಿಗಳಲ್ಲಿ ಇಲ್ಲದೆ ಹೋಗುವುದೂ ಅದೇ. ಕಿಣ್ವವನ್ನು ಇ. ಕೋಲೈಯಲ್ಲಿ ತಯಾರಿಸಿದ್ದರೆ ಎಂಡೋಟಾಕ್ಸಿನ್ ತೆಗೆದಿದ್ದೀರಾ ಎಂದೂ ಕೇಳುತ್ತೇನೆ. ಇಲ್ಲದಿದ್ದರೆ ಜೀವಕೋಶಗಳ ಮೇಲಿನ ಪರೀಕ್ಷೆಯಲ್ಲಿ ಆದ ಹಾನಿ ಯಾರದು ಎಂದು ಗೊತ್ತಾಗುವುದಿಲ್ಲ.

ಅಗರ್ ಮೇಲಿನ ಉಂಗುರವನ್ನು ಇಲ್ಲಿ ನಂಬಬೇಡಿ. 100–200 ನ್ಯಾನೋಮೀಟರಿನ ಕಣ ಅಗರ್‌ನಲ್ಲಿ ಸರಿಯಾಗಿ ಹರಡುವುದೇ ಇಲ್ಲ. ಒಳ್ಳೆಯ ವಾಹಕಕ್ಕೆ ಉಂಗುರ ಚಿಕ್ಕದಾಗಿ ಬಂದು, ಸೋರುವ ವಾಹಕಕ್ಕೆ ದೊಡ್ಡದಾಗಿ ಬರಬಹುದು. ದ್ರವ ಮಾಧ್ಯಮದಿಂದ ಗಂಟೆಗೊಮ್ಮೆ ಸ್ಯಾಂಪಲ್ ತೆಗೆದು, ಪ್ಲೇಟಿಗೆ ಹಾಕಿ, ಕಾಲೊನಿ ಎಣಿಸಿ. ಬೇಸರದ ಕೆಲಸ ನಿಜ, ರಾತ್ರಿಯೂ ಲ್ಯಾಬಿನಲ್ಲಿ ಕೂರಬೇಕಾಗುತ್ತದೆ. ಅದನ್ನೇ ಇನ್ನೊಮ್ಮೆ ಅರ್ಧ ಸೀರಮ್ ಬೆರೆಸಿ ಮಾಡಿ. ಸೀರಮ್ಮಿನ ಪ್ರೋಟೀನುಗಳು ಕಣದ ಮೈಗೆ ಅಂಟಿಕೊಂಡು ಅದರ ಗುಣವನ್ನೇ ಬದಲಿಸುತ್ತವೆ. ಬಫರಿನಲ್ಲಿ ಸಿಕ್ಕ ಸೊಗಸಾದ ಫಲಿತಾಂಶ ಸೀರಮ್ಮಿನಲ್ಲಿ ಕುಸಿದರೆ ಬೇಸರ ಮಾಡಿಕೊಳ್ಳದೆ ಹಾಗೆಯೇ ಬರೆಯಿರಿ. ನಿಮ್ಮ ನಂತರ ಬರುವವರಿಗೆ ಅದು ತುಂಬ ಬೆಲೆಯ ಮಾಹಿತಿ.

ಆಮೇಲೆ ಬಯೋಫಿಲ್ಮ್. ನಳಿಕೆಯ ಗೋಡೆಗೂ ಹಳೆಯ ಹುಣ್ಣಿನ ತಳಕ್ಕೂ ಅಂಟಿ ಬೆಳೆಯುವ ಬ್ಯಾಕ್ಟೀರಿಯಾ ಲೋಳೆಯೊಳಗೆ ಹುದುಗಿರುತ್ತದೆ. ಆ ಲೋಳೆಯಲ್ಲಿ ಸಕ್ಕರೆ, ಪ್ರೋಟೀನು, ಡಿಎನ್‌ಎ ಎಲ್ಲ ಇರುತ್ತವೆ. ಡಿಎನ್‌ಎ ಕಡಿಯುವ ಕಿಣ್ವ, ಸಕ್ಕರೆ ಕಡಿಯುವ ಡಿಸ್ಪರ್ಸಿನ್ ಬಿ, ಇವು ಲೋಳೆಯನ್ನು ಸಡಿಲಿಸುತ್ತವೆ. ಸಡಿಲಿಸುವುದು ಕೊಲ್ಲುವುದಲ್ಲ. ಬಿಡಿಬಿಡಿಯಾದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ರೋಗಿಯ ಸ್ಥಿತಿ ಮೊದಲಿಗಿಂತ ಕೆಟ್ಟೀತು. ಆದ್ದರಿಂದ ಲೋಳೆ ಒಡೆಯುವುದರ ಜೊತೆಯಲ್ಲೇ ಕೊಲ್ಲುವುದೂ ಇರಬೇಕು. ಎರಡನ್ನೂ ಒಟ್ಟಿಗೆ ಒಂದೇ ಜಾಗಕ್ಕೆ ತಲುಪಿಸುವ ವಾಹಕದ ನಿಜವಾದ ಉಪಯೋಗ ಇಲ್ಲಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಗುರಿಯನ್ನೂ ಯೋಚಿಸಿ ಆರಿಸಿ. ರಕ್ತಕ್ಕೆ ಚುಚ್ಚಿದ ನ್ಯಾನೋ ಕಣಗಳಲ್ಲಿ ಬಹುಪಾಲನ್ನು ಪಿತ್ತಜನಕಾಂಗ ಮತ್ತು ಗುಲ್ಮದ ಮ್ಯಾಕ್ರೋಫೇಜ್‌ಗಳು ನುಂಗಿಬಿಡುತ್ತವೆ. ಇದು ಹೆಚ್ಚಿನ ಔಷಧಗಳಿಗೆ ದೊಡ್ಡ ನಷ್ಟ. ಆದರೆ ಸ್ಟ್ಯಾಫಿಲೊಕಾಕಸ್ಸೂ ಅದೇ ಮ್ಯಾಕ್ರೋಫೇಜ್‌ಗಳ ಒಳಗೆ ಅಡಗಿ ಕೂರುತ್ತದೆ, ಅಲ್ಲಿಗೆ ಅನೇಕ ಆಂಟಿಬಯೋಟಿಕ್‌ಗಳು ಸರಿಯಾಗಿ ತಲುಪುವುದಿಲ್ಲ. ನುಂಗಿಸಿಕೊಂಡ ಕಣವೇ ಅಲ್ಲಿ ಕಿಣ್ವ ಬಿಡುವಂತಾದರೆ ನಷ್ಟವೇ ಲಾಭವಾಗುತ್ತದೆ. ಪಿಎಚ್.ಡಿ.ಗೆ ಹೋಗುವವರು ಇದನ್ನು ಮನಸ್ಸಿನಲ್ಲಿಡಿ. ಎಂ.ಎಸ್ಸಿ. ಮಟ್ಟಕ್ಕೆ ನೇರವಾಗಿ ಹಚ್ಚಬಹುದಾದ ಜಾಗಗಳು ಒಳ್ಳೆಯವು: ಹುಣ್ಣು, ಸುಟ್ಟ ಗಾಯ, ಹಸುವಿನ ಕೆಚ್ಚಲು. ಕೆಚ್ಚಲು ಬಾವು ನಮ್ಮ ಹೈನುಗಾರರಿಗೆ ಎಷ್ಟು ನಷ್ಟ ಮಾಡುತ್ತದೆ, ಅದಕ್ಕೆ ಎಷ್ಟು ಆಂಟಿಬಯೋಟಿಕ್ ಸುರಿಯುತ್ತಾರೆ ಎಂದು ಹಳ್ಳಿಯಿಂದ ಬಂದ ನಿಮ್ಮಲ್ಲಿ ಅನೇಕರಿಗೆ ಗೊತ್ತು. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಹಾಲಿನಲ್ಲೇ ಲೈಸೊಸ್ಟಾಫಿನ್ ಸುರಿಸುವ ಕುಲಾಂತರಿ ಹಸುಗಳನ್ನು ಬೆಳೆಸಿ, ಅವು ಸ್ಟ್ಯಾಫಿಲೊಕಾಕಸ್ ಬಾವನ್ನು ತಡೆದುಕೊಳ್ಳುವುದನ್ನು ತೋರಿಸಿದರು. ನಮಗೆ ಕುಲಾಂತರಿ ಹಸು ಬೇಕಿಲ್ಲ. ಹಾಲಿನಲ್ಲಿ ಕೆಡದೆ ನಿಲ್ಲುವ ಕಣವೊಂದು ಸಾಧ್ಯವೇ ಎಂದು ಒಂದು ಲೋಟ ಹಸಿ ಹಾಲಿನಲ್ಲೇ ಪರೀಕ್ಷಿಸಬಹುದು.

ಎಕ್ಸಿಬಾಕೇಸ್ ಕಥೆಯನ್ನೂ ಓದಿಕೊಂಡಿರಿ. ಅದು ರಕ್ತದ ಸ್ಟ್ಯಾಫಿಲೊಕಾಕಸ್ ಸೋಂಕಿಗೆಂದು ಮಾಡಿದ ವೈರಸ್ ಮೂಲದ ಕಿಣ್ವ. ಎರಡನೇ ಹಂತದ ಪರೀಕ್ಷೆಯಲ್ಲಿ, ಎಂಆರ್‌ಎಸ್‌ಎ ಇದ್ದ ರೋಗಿಗಳ ಪೈಕಿ ಆಂಟಿಬಯೋಟಿಕ್ ಜೊತೆಗೆ ಕಿಣ್ವವನ್ನೂ ಪಡೆದವರಲ್ಲಿ 74.1% ಜನ ಚೇತರಿಸಿಕೊಂಡರು. ಆಂಟಿಬಯೋಟಿಕ್ ಮಾತ್ರ ಪಡೆದವರಲ್ಲಿ 31.3%. ಎಲ್ಲರೂ ಕಣ್ಣರಳಿಸಿ ಕೂತರು. ಮೂರನೇ ಹಂತದ ಪರೀಕ್ಷೆ ಉಪಯೋಗ ಕಾಣುತ್ತಿಲ್ಲವೆಂದು 2022ರಲ್ಲಿ ನಿಂತಿತು, ಮರುವರ್ಷ ಅದನ್ನು ಮಾಡುತ್ತಿದ್ದ ಕಂಪನಿ ದಿವಾಳಿಯಾಯಿತು. ಸಣ್ಣ ಗುಂಪಿನಲ್ಲಿ ಕಂಡ ದೊಡ್ಡ ವ್ಯತ್ಯಾಸ ದೊಡ್ಡ ಪರೀಕ್ಷೆಯಲ್ಲಿ ಉಳಿಯದೆ ಹೋಗಬಹುದು. ಹೀಗಿರುವಾಗ ಮೂರು ಪ್ಲೇಟುಗಳ ಮೇಲೆ ಕಂಡದ್ದಕ್ಕೆ ‘ಆಂಟಿಬಯೋಟಿಕ್‌ಗೆ ಪರ್ಯಾಯ’ ಎಂಬ ತಲೆಬರಹ ಹಾಕಬೇಡಿ. ಆ ಕಿಣ್ವ ಸೋತಿತೆಂದು ಇಡೀ ದಾರಿಯನ್ನೇ ಬಿಟ್ಟುಬಿಡುವುದೂ ಬೇಡ.

ಔಷಧಕ್ಕೆ ಬಗ್ಗದ ತಳಿಯನ್ನು ಎಲ್ಲಿಂದಲೋ ತಂದು ಮಾಮೂಲಿ ಟೇಬಲ್ ಮೇಲೆ ಬೆಳೆಸಲು ಹೋಗಬೇಡಿ. ಜೈವಿಕ ಸುರಕ್ಷತೆಯ ಎರಡನೇ ಹಂತದ ವ್ಯವಸ್ಥೆ, ಆಟೋಕ್ಲೇವ್, ಸಾಂಸ್ಥಿಕ ಸಮಿತಿಯ ಒಪ್ಪಿಗೆ ಇಲ್ಲದೆ ಎಂಆರ್‌ಎಸ್‌ಎ ಮುಟ್ಟುವಂತಿಲ್ಲ. ನಿಮ್ಮ ಕಾಲೇಜಿನಲ್ಲಿ ಅದು ಇಲ್ಲದಿದ್ದರೆ ಮೈಕ್ರೊಕಾಕಸ್ ಮೇಲೆ ವಾಹಕವನ್ನು ಪಕ್ಕಾ ಮಾಡಿಕೊಂಡು, ವ್ಯವಸ್ಥೆ ಇರುವ ವೈದ್ಯಕೀಯ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದ ಜೊತೆ ಸೇರಿ ಮುಂದಿನ ಭಾಗ ಮಾಡಿ. ಗುರುತಿಸಿದ ತಳಿಗಳು ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ ಸಂಗ್ರಹಗಳಲ್ಲಿ ಸಿಗುತ್ತವೆ. ಯಾವ ತಳಿ, ಯಾವ ನಂಬರು ಎಂದು ವರದಿಯಲ್ಲಿ ಬರೆಯಿರಿ. ‘ರೋಗಕಾರಕ ಬ್ಯಾಕ್ಟೀರಿಯಾ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ.

ಸಿನಾಪ್ಸಿಸ್ ಕೊಡುವ ಮುಂಚೆ ನಿಮ್ಮ ಗೈಡ್ ಅವರಿಂದ ಪತ್ರ ತೆಗೆದುಕೊಂಡು ಹತ್ತಿರದ ಜಿಲ್ಲಾಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಲ್ಯಾಬಿಗೆ ಒಂದು ದಿನ ಹೋಗಿ ಬನ್ನಿ. ಕೀವಿನ ಸ್ಯಾಂಪಲ್ಲುಗಳಲ್ಲಿ ಯಾವ ಬ್ಯಾಕ್ಟೀರಿಯಾ ಹೆಚ್ಚು ಬರುತ್ತಿದೆ, ಅದಕ್ಕೆ ಯಾವ ಔಷಧ ಈಗಲೂ ಕೆಲಸ ಮಾಡುತ್ತಿದೆ, ಯಾವುದು ಕೈಬಿಟ್ಟಿದೆ ಎಂದು ಅಲ್ಲಿಯ ಮೇಡಂ ಅಥವಾ ಸರ್ ಹತ್ತಿರ ಕೇಳಿ. ಬಿಡುವಿದ್ದರೆ ಅವರು ಖಂಡಿತ ಹೇಳುತ್ತಾರೆ, ಅವರನ್ನು ಈ ಪ್ರಶ್ನೆ ಕೇಳಲು ಬರುವವರು ಕಡಿಮೆ. ಯಾವ ಕಿಣ್ವ, ಯಾವ ವಾಹಕ ಎಂಬುದನ್ನು ಅಲ್ಲಿಂದ ಬಂದ ಮೇಲೆ ಆರಿಸಿ.

ಇಂತಿ ನಿಮ್ಮ ವಿಶ್ವಾಸಿ,
ಆಸ್ಪತ್ರೆಯ ಲ್ಯಾಬಿನ ಒಬ್ಬ ಮೈಕ್ರೋಬಯಾಲಜಿಸ್ಟ್